ಒಂದೇ ಮೂಗಿನ ಎರಡು ಗಾಡಿ: ಕಾಫಿ ಬೆಟ್ಟದಲ್ಲಿ ಇವೋ ಮತ್ತು ಫೇಬಿಯಾ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯವರು ನಮ್ಮ ಕ್ಯಾಂಪಸ್ಸಿನಲ್ಲಿ ಬೇಕಾದಷ್ಟು ಜನ ಇದ್ದೀರಿ. ಹಾಸ್ಟೆಲಿನಲ್ಲಿ ರ‍್ಯಾಲಿ ವಿಷಯ ಬಂತೆಂದರೆ ಎರಡು ಪಾರ್ಟಿ ಆಗೋದು ಗ್ಯಾರಂಟಿ. ಒಂದು ಪಾರ್ಟಿಯ ವಾದ ಹೀಗಿರುತ್ತೆ: "ಮಿತ್ಸುಬಿಷಿ ಲ್ಯಾನ್ಸರ್ ಇವೋ ಎರಡು ಲೀಟರ್ ಟರ್ಬೊ. ಅದರ ಮುಂದೆ 1.6ರ ಸ್ಕೋಡಾ ಫೇಬಿಯಾ ಯಾವ ಲೆಕ್ಕ?" ಇನ್ನೊಂದು ಪಾರ್ಟಿ ಕೇಳುತ್ತೆ: "ಹಾಗಾದ್ರೆ ನಮ್ಮ ತೋಟದ ರಸ್ತೆಗಳಲ್ಲಿ ಗೆದ್ದದ್ದು ಫೇಬಿಯಾ ಹೇಗೆ?"

ಇಬ್ಬರ ಮಾತಿನಲ್ಲೂ ಅರ್ಧ ಸತ್ಯ ಇದೆ. ಉಳಿದರ್ಧಕ್ಕೆ ಬೇಕಾದ್ದು ಮೊದಲ ವರ್ಷದ ಫಿಸಿಕ್ಸು, ಎರಡನೇ ವರ್ಷದ ಥರ್ಮೋ, ಒಂದು ಕ್ಯಾಲ್ಕುಲೇಟರು. ಇದೇ ಲೆಕ್ಕ ನಮ್ಮ ವರ್ಕ್‌ಶಾಪಿನಲ್ಲಿ ಫಾರ್ಮುಲಾ ಸ್ಟೂಡೆಂಟ್ ಗಾಡಿ ಕಟ್ಟೋರಿಗೂ ನೇರವಾಗಿ ಉಪಯೋಗಕ್ಕೆ ಬರುತ್ತೆ. ಅದಕ್ಕೇ ಪೆನ್ನು ಹಿಡಿದುಕೊಂಡೇ ಓದಿ.

ಮೊದಲು ಗಾಡಿಗಳ ಪರಿಚಯ

ಲ್ಯಾನ್ಸರ್ ಎವಲ್ಯೂಷನ್, ಅಂದರೆ ಇವೋ, 1992ರಲ್ಲಿ ಜಪಾನಿನಲ್ಲಿ ಹುಟ್ಟಿದ ಗಾಡಿ. ಸಾಧಾರಣ ಫ್ಯಾಮಿಲಿ ಸೆಡಾನಿನ ಹೊಟ್ಟೆಯೊಳಗೆ ಎರಡು ಲೀಟರ್ ಟರ್ಬೊ ಇಂಜಿನ್ ಮತ್ತು ನಾಲ್ಕೂ ಚಕ್ರಕ್ಕೆ ಡ್ರೈವ್ ಕೂರಿಸಿದ್ದು ಯಾಕೆ ಅಂದರೆ ಅಂದಿನ ನಿಯಮವೇ ಹಾಗಿತ್ತು. ರ‍್ಯಾಲಿಯಲ್ಲಿ ಓಡಿಸಬೇಕಾದರೆ ಅದೇ ಗಾಡಿಯನ್ನು ಶೋರೂಮಿನಲ್ಲೂ ಮಾರಬೇಕು, 12 ತಿಂಗಳಲ್ಲಿ ಕನಿಷ್ಠ 2,500 ಗಾಡಿ ತಯಾರಿಸಬೇಕು. ಫಿನ್ಲೆಂಡಿನ ಟಾಮಿ ಮಾಕಿನೆನ್ 1996ರಿಂದ 1999ರವರೆಗೆ ಸತತ ನಾಲ್ಕು ವರ್ಷ ಇವೋದಲ್ಲಿ ವಿಶ್ವ ಚಾಂಪಿಯನ್ ಆದರು. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಕತ್ಸುಹಿಕೊ ತಗುಚಿ 1999ರಲ್ಲೂ 2010ರಲ್ಲೂ ಗೆದ್ದದ್ದು ಲ್ಯಾನ್ಸರ್ ಇವೋದಲ್ಲೇ. ನಮ್ಮ ದೇಶದಲ್ಲಿ ಹಿಂದೂಸ್ತಾನ್ ಮೋಟರ್ಸ್ 1998ರಿಂದ ತಿರುವಳ್ಳೂರಿನಲ್ಲಿ ಮಾಮೂಲಿ ಲ್ಯಾನ್ಸರ್ ತಯಾರಿಸುತ್ತಿತ್ತು. ನಮ್ಮೂರುಗಳಲ್ಲಿ ಹಳೇ ಲ್ಯಾನ್ಸರ್‌ಗೆ ಇವತ್ತಿಗೂ ಒಂದು ಮರ್ಯಾದೆ ಇರೋದಕ್ಕೆ ಕಾರಣ ಈ ಅಣ್ಣನ ಹೆಸರು.

ಈ ಲೇಖನಕ್ಕೆ ನಾನು ತಗೊಂಡಿರೋದು 2005ರ ಇವೋ 9. ಇಂಜಿನ್ 4ಜಿ63, ಎರಕದ ಕಬ್ಬಿಣದ ಬ್ಲಾಕು. ಬೋರ್ 85 ಮಿಲಿಮೀಟರ್, ಸ್ಟ್ರೋಕ್ 88 ಮಿಲಿಮೀಟರ್, ಒಟ್ಟು 1,997 ಸಿಸಿ. ಕಂಪ್ರೆಷನ್ ಅನುಪಾತ 8.8. ರಸ್ತೆ ಗಾಡಿಯ ಪವರ್ 206 ಕಿಲೋವ್ಯಾಟ್, ಟಾರ್ಕ್ 3,000 ಆರ್‌ಪಿಎಮ್‌ನಲ್ಲೇ 400 ನ್ಯೂಟನ್ ಮೀಟರ್. ತೂಕ ಸುಮಾರು 1,410 ಕೆಜಿ.

ಫೇಬಿಯಾ ಆರ್5 ಹತ್ತು ವರ್ಷ ಆಮೇಲಿನದು. ಚೆಕ್ ದೇಶದ ಸ್ಕೋಡಾ ಕಂಪನಿ ಕಟ್ಟಿದ್ದು, ರ‍್ಯಾಲಿಗೆ ಒಪ್ಪಿಗೆ ಸಿಕ್ಕಿದ್ದು 2015ರ ಏಪ್ರಿಲ್‌ನಲ್ಲಿ. ಇದನ್ನು ಶೋರೂಮಿಗೆ ಹೋಗಿ ಕೊಳ್ಳೋಕೆ ಆಗಲ್ಲ. ಹೊರಗಿನ ಆಕಾರ ಮಾತ್ರ ಪೇಟೆಯ ಫೇಬಿಯಾದ್ದು, ಒಳಗಿರೋದೆಲ್ಲ ರ‍್ಯಾಲಿಗೆಂದೇ ಮಾಡಿದ ಸಾಮಾನು. 1,620 ಸಿಸಿ, ಟರ್ಬೊ, ನೇರ ಇಂಜೆಕ್ಷನ್. ಪವರ್ 4,750 ಆರ್‌ಪಿಎಮ್‌ನಲ್ಲಿ 205 ಕಿಲೋವ್ಯಾಟ್, ಟಾರ್ಕ್ 4,000 ಆರ್‌ಪಿಎಮ್‌ನಲ್ಲಿ 420 ನ್ಯೂಟನ್ ಮೀಟರ್. ಕನಿಷ್ಠ ತೂಕ 1,230 ಕೆಜಿ. ಗೌರವ್ ಗಿಲ್ ಟೀಮ್ ಎಂಆರ್‌ಎಫ್ ಪರವಾಗಿ 2016 ಮತ್ತು 2017ರ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಗೆದ್ದದ್ದು ಈ ಗಾಡಿಯಲ್ಲಿ. ಆ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಡೆದದ್ದು ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಗಳಲ್ಲಿ.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಒಂದು 1,997 ಸಿಸಿ, ಇನ್ನೊಂದು 1,620 ಸಿಸಿ. ಪವರ್ ಮಾತ್ರ ಹೆಚ್ಚು ಕಡಿಮೆ ಒಂದೇ. ರಸ್ತೆಯ ಇವೋದ ಅಂಕಿಗೆ ಕಾರಣ ಬೇರೆ: ಆ ಕಾಲದಲ್ಲಿ ಜಪಾನಿನ ಕಂಪನಿಗಳು 280 ಅಶ್ವಶಕ್ತಿ ದಾಟಬಾರದು ಅಂತ ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದವು. ಆದರೆ ರ‍್ಯಾಲಿಯ ಇವೋ ಕೂಡ ಫೇಬಿಯಾದ ಆಸುಪಾಸಿಗೇ ಬಂದು ನಿಲ್ಲುತ್ತೆ. ಅದಕ್ಕೆ ಕಾರಣ ಒಂದು ತೂತು.

32 ಮಿಲಿಮೀಟರ್ ಮೂಗು

ಟರ್ಬೊ ಹೇಗೆ ಕೆಲಸ ಮಾಡುತ್ತೆ ಅನ್ನೋದು ಗೊತ್ತಿರೋದೇ. ಸೈಲೆನ್ಸರಿಗೆ ಹೋಗಿ ವ್ಯರ್ಥವಾಗುವ ಬಿಸಿ ಹೊಗೆ ಒಂದು ಟರ್ಬೈನನ್ನು ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತೆ. ಶಾಫ್ಟಿನ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ.

ಹೆಚ್ಚು ಗಾಳಿ ಅಂದರೆ ಹೆಚ್ಚು ಪೆಟ್ರೋಲು, ಹೆಚ್ಚು ಪೆಟ್ರೋಲು ಅಂದರೆ ಹೆಚ್ಚು ಪವರ್. ಇದನ್ನು ಸುಮ್ಮನೆ ಬಿಟ್ಟರೆ ಏನಾಗುತ್ತೆ ಅನ್ನೋದನ್ನು ಗ್ರೂಪ್ ಬಿ ಕಾಲ ತೋರಿಸಿತು. ಗಾಡಿಗಳ ಪವರ್ ಏರುತ್ತಾ ಹೋಗಿ, ಚಾಲಕರೂ ನೋಡಲು ಬಂದವರೂ ಪ್ರಾಣ ಕಳೆದುಕೊಂಡು, 1986ರ ಕೊನೆಗೆ ಆ ವರ್ಗವನ್ನೇ ಮುಚ್ಚಬೇಕಾಯಿತು. ಆಮೇಲೆ ಟರ್ಬೊ ಗಾಡಿಗಳಿಗೆ ಬಂದ ಕಡಿವಾಣವೇ ರಿಸ್ಟ್ರಿಕ್ಟರ್. ಕಂಪ್ರೆಸರಿನ ಮುಂದೆ ಒಂದು ಸಣ್ಣ ಕಂಠ ಇರುತ್ತೆ, ಇಂಜಿನ್ನಿಗೆ ಹೋಗುವ ಅಷ್ಟೂ ಗಾಳಿ ಅದರೊಳಗಿಂದಲೇ ಹೋಗಬೇಕು. ಗ್ರೂಪ್ ಎನ್ ವರ್ಗದ ಇವೋ 9ಕ್ಕೆ ಈ ಕಂಠದ ವ್ಯಾಸ 32 ಮಿಲಿಮೀಟರ್. ಫೇಬಿಯಾ ಆರ್5ಕ್ಕೂ 32 ಮಿಲಿಮೀಟರ್. ಗಾಡಿ ಎರಡು, ಮೂಗು ಒಂದೇ.

"ಮೂಗು ಸಣ್ಣದಾದರೇನು, ದೊಡ್ಡ ಟರ್ಬೊ ಹಾಕಿ ಜೋರಾಗಿ ಎಳೆದರಾಯ್ತಲ್ಲ?" ಅಂತ ಕೇಳಬಹುದು. ಆಗಲ್ಲ. ಕಂಠದಲ್ಲಿ ಗಾಳಿಯ ವೇಗ ಶಬ್ದದ ವೇಗ ಮುಟ್ಟಿದ ಮೇಲೆ ಎಷ್ಟೇ ಎಳೆದರೂ ಒಂದು ಗ್ರಾಮ್ ಗಾಳಿಯೂ ಹೆಚ್ಚಿಗೆ ಬರಲ್ಲ. ಇದಕ್ಕೆ ಚೋಕ್ಡ್ ಫ್ಲೋ ಅಂತ ಹೆಸರು.

ಮಲೆನಾಡಿನವರಿಗೆ ಇದನ್ನು ಹತ್ತುಮೀನಿನ ಉದಾಹರಣೆಯಲ್ಲಿ ಹೇಳಬಹುದು. ಮೊದಲ ಮಳೆಗೆ ಮೀನು ಹಳ್ಳದ ನೀರಿಗೆ ಎದುರಾಗಿ ಹತ್ತುತ್ತೆ. ನೀರಿನ ವೇಗ ಮೀನಿನ ವೇಗಕ್ಕಿಂತ ಕಡಿಮೆ ಇರುವ ತನಕ ಹತ್ತುತ್ತೆ. ಕಿರಿದಾದ ಒಂದು ಜಾಗದಲ್ಲಿ ನೀರು ಮೀನಿನಷ್ಟೇ ವೇಗವಾಗಿ ಬಂದರೆ ಮೀನು ಅಲ್ಲೇ ನಿಲ್ಲುತ್ತೆ, ಮೇಲಿನ ಗುಂಡಿಗೆ ತಲುಪಲ್ಲ. "ಇಲ್ಲಿ ಒತ್ತಡ ಕಡಿಮೆ ಆಗಿದೆ, ಇನ್ನಷ್ಟು ಗಾಳಿ ಕಳಿಸು" ಅನ್ನೋ ಸುದ್ದಿ ಗಾಳಿಯಲ್ಲಿ ಹೋಗೋದು ಶಬ್ದದ ವೇಗದಲ್ಲಿ. ಕಂಠದಲ್ಲಿ ಗಾಳಿಯೇ ಆ ವೇಗದಲ್ಲಿ ಎದುರು ಬರುತ್ತಿದ್ದರೆ ಸುದ್ದಿ ಮೇಲೆ ಹತ್ತೋದೇ ಇಲ್ಲ. ಕಂಪ್ರೆಸರ್ ಕೆಳಗೆ ನಿಂತು ಎಷ್ಟು ಕೂಗಿದರೂ ಹೊರಗಿನ ಗಾಳಿಗೆ ಕೇಳಿಸಲ್ಲ.

ಈ ಕಂಠದ ಮಹತ್ವ ಎಷ್ಟು ಅನ್ನೋದಕ್ಕೆ 1995ರ ಒಂದು ಪ್ರಸಂಗ ಸಾಕು. ಸ್ಪೇನಿನ ಕೆಟಲೋನಿಯಾ ರ‍್ಯಾಲಿಯಲ್ಲಿ ಟೊಯೊಟಾ ಸೆಲಿಕಾದ ರಿಸ್ಟ್ರಿಕ್ಟರ್ ಪಕ್ಕದಿಂದ ಗಾಳಿ ನುಸುಳುವ ವ್ಯವಸ್ಥೆ ಸಿಕ್ಕಿಬಿತ್ತು. ಪೈಪು ಜೋಡಿಸಿದಾಗ ಸಂದು ತೆರೆಯುತ್ತಿತ್ತು, ಪರೀಕ್ಷೆಗೆ ಬಿಚ್ಚಿದರೆ ಮುಚ್ಚಿಕೊಳ್ಳುತ್ತಿತ್ತು. ತಂಡದ ಆ ವರ್ಷದ ಅಂಕಗಳೆಲ್ಲ ಹೋದವು, ಮುಂದಿನ ವರ್ಷ ಸ್ಪರ್ಧಿಸದಂತೆ ನಿಷೇಧವೂ ಆಯಿತು. ಕೆಲವು ಮಿಲಿಮೀಟರಿಗೆ ಅಷ್ಟು ಬೆಲೆ.

ಈಗ ಲೆಕ್ಕ

ಸಮುದ್ರ ಮಟ್ಟದಲ್ಲಿ, 20 ಡಿಗ್ರಿ ಉಷ್ಣತೆಯಲ್ಲಿ, ಶಬ್ದದ ವೇಗ ಮುಟ್ಟಿದ ಕಂಠದ ಒಂದು ಚದರ ಮೀಟರಿನೊಳಗೆ ಸೆಕೆಂಡಿಗೆ ಸುಮಾರು 239 ಕೆಜಿ ಗಾಳಿ ಹೋಗುತ್ತೆ. ಗ್ಯಾಸ್ ಡೈನಮಿಕ್ಸ್ ಪುಸ್ತಕದ ಸೂತ್ರಕ್ಕೆ ಅಂಕಿ ಹಾಕಿ ನೀವೇ ತೆಗೆಯಬಹುದು.

32 ಮಿಲಿಮೀಟರ್ ವ್ಯಾಸದ ಕಂಠದ ವಿಸ್ತೀರ್ಣ 8.04 ಚದರ ಸೆಂಟಿಮೀಟರ್. ಗುಣಿಸಿದರೆ ಸೆಕೆಂಡಿಗೆ 0.192 ಕೆಜಿ. ಕಂಠದ ಗೋಡೆಗೆ ಅಂಟಿಕೊಂಡ ಗಾಳಿ ನಿಧಾನ ಹರಿಯುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ. 0.18 ಅಂತ ಇಟ್ಟುಕೊಳ್ಳೋಣ.

ಪೆಟ್ರೋಲು 1 ಪಾಲಿಗೆ ಗಾಳಿ 12.5 ಪಾಲು ಅಂದರೆ ಸೆಕೆಂಡಿಗೆ 0.0144 ಕೆಜಿ ಪೆಟ್ರೋಲು. ಒಂದು ಕೆಜಿ ಪೆಟ್ರೋಲಿನಲ್ಲಿ ಸುಮಾರು 43 ಮೆಗಾಜೌಲ್ ಶಾಖ. ಹಾಗಾಗಿ ಒಟ್ಟು ಶಾಖ 619 ಕಿಲೋವ್ಯಾಟ್. ಒಳ್ಳೆಯ ಪೆಟ್ರೋಲ್ ಇಂಜಿನ್ ಅದರಲ್ಲಿ ಮೂರನೇ ಒಂದು ಪಾಲನ್ನು ಕೆಲಸವಾಗಿ ಕೊಡುತ್ತೆ. ಉತ್ತರ 206 ಕಿಲೋವ್ಯಾಟ್.

ಸ್ಕೋಡಾ ಹೇಳುವ ಅಂಕಿ 205. ನಾವು ಇಂಜಿನ್ನಿನ ಸಿಸಿ ಎಷ್ಟು, ಸಿಲಿಂಡರ್ ಎಷ್ಟು, ವಾಲ್ವ್ ಎಷ್ಟು ಅಂತ ಒಂದು ಸಲವೂ ಕೇಳಲಿಲ್ಲ ಅನ್ನೋದನ್ನು ಗಮನಿಸಿ. ಕೇಳಿದ್ದು ತೂತಿನ ಅಳತೆ ಮಾತ್ರ. ಮೂಗು ಕಟ್ಟಿದ ಮೇಲೆ ಪವರ್ ನಿರ್ಧಾರ ಮಾಡೋದು ಮೂಗು, ಹೊಟ್ಟೆ ಅಲ್ಲ.

ಹಾಗಾದ್ರೆ ಆ ಹೆಚ್ಚಿನ 377 ಸಿಸಿ ಎಲ್ಲಿ ಹೋಯಿತು?

ದಂಡ ಆಗಲಿಲ್ಲ. ಅದು ಉಪಯೋಗಕ್ಕೆ ಬರೋದು ಚೋಕ್ ಆಗುವ ಮುಂಚೆ.

ಆರ್5 ನಿಯಮದ ಪ್ರಕಾರ ಸಿಲಿಂಡರಿಗೆ ಹೋಗುವ ಗಾಳಿಯ ಒತ್ತಡ 2.5 ಬಾರ್ ದಾಟುವಂತಿಲ್ಲ. ದಾಟಿದರೆ ಪಾಪ್ ಆಫ್ ವಾಲ್ವ್ ತೆರೆದುಕೊಳ್ಳುತ್ತೆ. ಹೋಲಿಕೆಗೆ ಸುಲಭ ಆಗಲಿ ಅಂತ ಇವೋಗೂ ಅದೇ 2.5 ಬಾರ್ ಕೊಡೋಣ. ಇಂಟರ್‌ಕೂಲರ್ ದಾಟಿದ ಗಾಳಿಯ ಉಷ್ಣತೆ 40 ಡಿಗ್ರಿ ಅಂತಿಟ್ಟುಕೊಂಡರೆ ಸಾಂದ್ರತೆ ಘನ ಮೀಟರಿಗೆ 2.78 ಕೆಜಿ. ನಾಲ್ಕು ಸ್ಟ್ರೋಕಿನ ಇಂಜಿನ್ ಎರಡು ಸುತ್ತಿಗೆ ಒಂದು ಸಲ ತನ್ನ ಸಿಸಿಯಷ್ಟು ಗಾಳಿ ನುಂಗುತ್ತೆ. ಸೆಕೆಂಡಿಗೆ 0.18 ಕೆಜಿ ನುಂಗಬೇಕಾದರೆ ಯಾವ ಆರ್‌ಪಿಎಮ್ ಬೇಕು?

ಇವೋ, 1,997 ಸಿಸಿ: ಸುಮಾರು 3,900.
ಫೇಬಿಯಾ, 1,620 ಸಿಸಿ: ಸುಮಾರು 4,800.

ಫೇಬಿಯಾದ ಗರಿಷ್ಠ ಪವರ್ ಸಿಗೋದು 4,750ರಲ್ಲಿ ಅಂತ ಮೊದಲೇ ಬರೆದಿದ್ದೆವು. ಲೆಕ್ಕ ಹೊಂದಿತು.

ಇನ್ನು ಟಾರ್ಕ್. ಪವರನ್ನು ಕೋನವೇಗದಿಂದ ಭಾಗಿಸಿದರೆ ಟಾರ್ಕ್. 205 ಕಿಲೋವ್ಯಾಟನ್ನು 4,750 ಆರ್‌ಪಿಎಮ್‌ಗೆ ಹಂಚಿದರೆ 412 ನ್ಯೂಟನ್ ಮೀಟರ್. ಅದೇ 205ನ್ನು 3,900ಕ್ಕೆ ಹಂಚಿದರೆ 502. ಅಂದರೆ ಒಂದೇ ಪವರನ್ನು ಇವೋ 900 ಆರ್‌ಪಿಎಮ್ ಮುಂಚೆಯೇ ಮುಟ್ಟುತ್ತೆ, ಅಲ್ಲಿಂದ ಮೇಲಕ್ಕೆ ಪವರ್ ಗೆರೆ ಚಪ್ಪಟೆ. ಆರ್‌ಪಿಎಮ್ ಇನ್ನೂ ಏರಿಸಿದರೆ ಘರ್ಷಣೆ ಹೆಚ್ಚುತ್ತೆ ಅಷ್ಟೆ, ಪವರ್ ಏರಲ್ಲ. ರ‍್ಯಾಲಿ ಟರ್ಬೊ ಗಾಡಿಗಳು ಬೈಕಿನ ಹಾಗೆ ಕಿರುಚದೆ ಮಧ್ಯದ ಆರ್‌ಪಿಎಮ್‌ನಲ್ಲೇ ಗೇರ್ ಬದಲಿಸೋದು ಇದೇ ಕಾರಣಕ್ಕೆ.

ಹಾಗಾಗಿ ಇಂಜಿನ್ ಒಂದನ್ನೇ ನೋಡಿದರೆ ಇವೋ ಪಾರ್ಟಿಯ ಮಾತಿಗೆ ಬೆಲೆ ಇದೆ. ಗರಿಷ್ಠ ಪವರ್ ಒಂದೇ ಆದರೂ ಇವೋದಲ್ಲಿ ಅದು ಸಿಗುವ ವ್ಯಾಪ್ತಿ ಅಗಲ. ತಪ್ಪು ಗೇರಿನಲ್ಲಿ ತಿರುವಿನಿಂದ ಹೊರಬಂದರೂ ಇವೋ ಸಂಭಾಳಿಸುತ್ತೆ. ಫೇಬಿಯಾದಲ್ಲಿ ಸರಿಯಾದ ಗೇರ್ ಬೇಕೇ ಬೇಕು. ಅದಕ್ಕಾಗಿಯೇ ಅದರಲ್ಲಿ 5 ವೇಗದ ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್ ಇದೆ. ಲಿವರ್ ಹಿಂದಕ್ಕೆ ಎಳೆದರೆ ಮೇಲಿನ ಗೇರ್, ಮುಂದಕ್ಕೆ ತಳ್ಳಿದರೆ ಕೆಳಗಿನ ಗೇರ್, ಕೈ ಅಡ್ಡಡ್ಡ ಓಡಾಡುವ ಕೆಲಸವೇ ಇಲ್ಲ.

ಬೆಟ್ಟ ಹತ್ತಿದರೆ?

"ಟರ್ಬೊ ಗಾಡಿ ಘಾಟಿ ಹತ್ತಿದರೂ ಪವರ್ ಕಳೆದುಕೊಳ್ಳಲ್ಲ" ಅನ್ನೋ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ರಸ್ತೆ ಗಾಡಿಗೆ ಇದು ಬಹುಪಾಲು ನಿಜ. ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಶೇಕಡಾ 12ರಷ್ಟು ಕಡಿಮೆ. ಟರ್ಬೊ ಇಲ್ಲದ ಹಳೇ ತೋಟದ ಜೀಪು ಬೆಳ್ತಂಗಡಿಯಿಂದ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ ಮುಟ್ಟುವಾಗ ಏದುಸಿರು ಬಿಡೋದು ಏರಿನಿಂದ ಮಾತ್ರ ಅಲ್ಲ, ತೆಳು ಗಾಳಿಯಿಂದಲೂ ಹೌದು. ಟರ್ಬೊ ಇರುವ ಪಿಕಪ್ಪಿನಲ್ಲಾದರೆ ಒತ್ತಡದ ಸೆನ್ಸರ್ ಕಡಿಮೆ ಆದದ್ದನ್ನು ಗಮನಿಸಿ, ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಕೊರತೆ ತುಂಬುತ್ತೆ.

ಆದರೆ ರಿಸ್ಟ್ರಿಕ್ಟರ್ ಇರುವ ರ‍್ಯಾಲಿ ಗಾಡಿಗೆ ಆ ಭಾಗ್ಯ ಇಲ್ಲ. ಚೋಕ್ ಆದ ಕಂಠದಲ್ಲಿ ಹೋಗುವ ಗಾಳಿಯ ತೂಕ ಹೊರಗಿನ ಒತ್ತಡಕ್ಕೆ ನೇರ ಅನುಪಾತದಲ್ಲಿರುತ್ತೆ. ಉಷ್ಣತೆ ಅಷ್ಟೇ ಅಂತ ಇಟ್ಟುಕೊಂಡರೆ:

ಮಂಗಳೂರು, ಸಮುದ್ರ ಮಟ್ಟ: 205 ಕಿಲೋವ್ಯಾಟ್.
ಕಳಸ, ಸುಮಾರು 800 ಮೀಟರ್: 186 ಕಿಲೋವ್ಯಾಟ್.
ಚಿಕ್ಕಮಗಳೂರು, ಸುಮಾರು 1,090 ಮೀಟರ್: 180 ಕಿಲೋವ್ಯಾಟ್.
ಮುಳ್ಳಯ್ಯನಗಿರಿಯ ತುದಿ, ಸುಮಾರು 1,930 ಮೀಟರ್: 162 ಕಿಲೋವ್ಯಾಟ್.

ಮುಳ್ಳಯ್ಯನಗಿರಿ ತುದಿಯಲ್ಲಿ ಯಾರೂ ರ‍್ಯಾಲಿ ಮಾಡಲ್ಲ, ಲೆಕ್ಕಕ್ಕೆ ಮಾತ್ರ ಹಾಕಿದ್ದು. ತಂಪು ಗಾಳಿ ಸ್ವಲ್ಪ ಸಹಾಯ ಮಾಡುತ್ತೆ. ಪ್ರವಾಹ ಉಷ್ಣತೆಯ ವರ್ಗಮೂಲಕ್ಕೆ ವಿಲೋಮ ಆದ್ದರಿಂದ 30 ಡಿಗ್ರಿಯ ಮಧ್ಯಾಹ್ನಕ್ಕಿಂತ 15 ಡಿಗ್ರಿಯ ಮಂಜಿನ ಬೆಳಿಗ್ಗೆಯಲ್ಲಿ ಶೇಕಡಾ 2.6 ಹೆಚ್ಚು ಗಾಳಿ ಸಿಗುತ್ತೆ.

ಇಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಬೆಟ್ಟದಲ್ಲಿ ಚೋಕ್ ಮುಂಚೆಯೇ ಆಗುತ್ತೆ. ಚಿಕ್ಕಮಗಳೂರಿನ ಎತ್ತರದಲ್ಲಿ ಇವೋ ಸುಮಾರು 3,400 ಆರ್‌ಪಿಎಮ್‌ಗೇ, ಫೇಬಿಯಾ 4,200ಕ್ಕೇ ತಮ್ಮ ಮಿತಿ ಮುಟ್ಟುತ್ತವೆ. ಅದಕ್ಕಿಂತ ಕೆಳಗೆ, ಕಂಪ್ರೆಸರ್ ತಾಳಿಕೊಳ್ಳುವಷ್ಟು ಕಾಲ, ಟಾರ್ಕ್ ಮಂಗಳೂರಿನಷ್ಟೇ ಸಿಗುತ್ತೆ. ಮೇಲಿನ ಆರ್‌ಪಿಎಮ್‌ನಲ್ಲಿ ಮಾತ್ರ ಖೋತಾ. ಎರಡೂ ಗಾಡಿಗೆ ಒಂದೇ ಪ್ರಮಾಣದಲ್ಲಿ ಖೋತಾ ಆಗೋದರಿಂದ ಬೆಟ್ಟ ಯಾರ ಪಕ್ಷಪಾತವನ್ನೂ ಮಾಡಲ್ಲ.

ಹಾಗಾದರೆ ಫೇಬಿಯಾ ವೇಗವಾಗಿರೋದು ಎಲ್ಲಿ?

ಇಂಜಿನ್ನಿನಿಂದ ಕೆಳಗಿಳಿದು ನೋಡಬೇಕು.

ಮೊದಲನೇದು ತೂಕ. 1,410ಕ್ಕೂ 1,230ಕ್ಕೂ ವ್ಯತ್ಯಾಸ 180 ಕೆಜಿ. ಅಂದರೆ 50 ಕೆಜಿಯ ಕಾಫಿ ಮೂಟೆ ಮೂರೂವರೆಗಿಂತ ಜಾಸ್ತಿ. ಗ್ರೂಪ್ ಎನ್ ಇವೋದಲ್ಲಿ ಸೀಟು, ಕಾರ್ಪೆಟ್ಟು ತೆಗೆದರೂ ರೋಲ್ ಕೇಜ್ ಸೇರುತ್ತೆ. ಬಾಡಿ, ಸಸ್ಪೆನ್ಷನ್ನಿನ ವಿನ್ಯಾಸ ರಸ್ತೆ ಗಾಡಿಯದ್ದೇ ಇರಬೇಕು. 1,230ಕ್ಕೆ ಇಳಿಸೋಕೆ ದಾರಿ ಇಲ್ಲ.

ಈ ತೂಕದ ಬೆಲೆ ಎಷ್ಟು? ಹೇರ್‌ಪಿನ್ ತಿರುವಿನಿಂದ 40 ಕಿಲೋಮೀಟರ್ ವೇಗದಲ್ಲಿ ಹೊರಬಂದು 100 ಮುಟ್ಟಬೇಕು ಅಂತಿಟ್ಟುಕೊಳ್ಳಿ. ಗಾಳಿಯ ತಡೆ, ಚಕ್ರದ ಜಾರಾಟ ಬಿಟ್ಟು, 180 ಕಿಲೋವ್ಯಾಟ್ ಪೂರ್ತಿ ಸಿಗುತ್ತೆ ಅಂದರೆ 1,410 ಕೆಜಿಗೆ 2.54 ಸೆಕೆಂಡ್ ಬೇಕು, 1,230 ಕೆಜಿಗೆ 2.21. ವ್ಯತ್ಯಾಸ ಮೂರನೇ ಒಂದು ಸೆಕೆಂಡ್. ಒಂದು ಸ್ಟೇಜಿನಲ್ಲಿ ಇಂಥ ತಿರುವು 30 ಇದ್ದರೆ ಸುಮಾರು 10 ಸೆಕೆಂಡ್! ಕಾಫಿ ತೋಟದ ರಸ್ತೆಯಲ್ಲಿ 30 ತಿರುವು ಏನೇನೂ ಹೆಚ್ಚಲ್ಲ. ಬ್ರೇಕಿಗೂ ಇದೇ ನ್ಯಾಯ. 100ರಿಂದ ನಿಲ್ಲಿಸುವಾಗ ಭಾರದ ಗಾಡಿಯ ಬ್ರೇಕು 70 ಕಿಲೋಜೌಲ್ ಹೆಚ್ಚು ಶಾಖ ತಿನ್ನಬೇಕು, ಪ್ರತಿ ಸಲವೂ.

ಎರಡನೇದು ಸಸ್ಪೆನ್ಷನ್. ಇವೋದ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್, ಹಿಂದೆ ಮಲ್ಟಿಲಿಂಕ್. ಟಾರು ರಸ್ತೆಗೆ ಅದ್ಭುತ. ಆದರೆ ಚಕ್ರ ಎಷ್ಟು ಮೇಲೆ ಕೆಳಗೆ ಆಡಬಹುದು ಅನ್ನೋದನ್ನು ಸಂಸಾರಸ್ಥರ ಸೆಡಾನಿನ ಬಾಡಿ ನಿರ್ಧರಿಸಿಬಿಟ್ಟಿದೆ. ಫೇಬಿಯಾದಲ್ಲಿ ನಾಲ್ಕೂ ಕಡೆ ಮ್ಯಾಕ್‌ಫರ್ಸನ್, ರ‍್ಯಾಲಿಗೆಂದೇ ವಿನ್ಯಾಸ ಮಾಡಿದ್ದು. ನಮ್ಮ ತೋಟದ ರಸ್ತೆ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಮಳೆನೀರು ಕೊರೆದ ಕೆಮ್ಮಣ್ಣು, ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರ. ಅಲ್ಲಿ ಚಕ್ರ ನೆಲ ಬಿಟ್ಟರೆ 205 ಕಿಲೋವ್ಯಾಟೂ ಗಾಳಿಗೆ. ನೆಲ ಬಿಡದಂತೆ ನೋಡಿಕೊಳ್ಳುವ ಗಾಡಿ ಗೆಲ್ಲುತ್ತೆ.

ಮೂರನೇದು ಡಿಫರೆನ್ಷಿಯಲ್. ಇಲ್ಲಿ ಒಂದು ತಮಾಷೆ ಇದೆ. 2001ರ ಇವೋ 7ರಿಂದ ಮುಂದಕ್ಕೆ ಎಲೆಕ್ಟ್ರಾನಿಕ್ ನಿಯಂತ್ರಣದ ಸೆಂಟರ್ ಡಿಫರೆನ್ಷಿಯಲ್ ಬಂತು. ಟಾರು, ಜಲ್ಲಿ, ಹಿಮ ಅಂತ ಮೂರು ಸ್ಥಿತಿ, ಡ್ರೈವರ್ ಬಟನ್ ಒತ್ತಿದರೆ ಸಾಕು. ಹತ್ತು ವರ್ಷ ಆಮೇಲೆ ಬಂದ ಫೇಬಿಯಾ ಆರ್5ರಲ್ಲಿ ಸೆಂಟರ್ ಡಿಫರೆನ್ಷಿಯಲ್ಲೇ ಇಲ್ಲ! ಮುಂದೊಂದು, ಹಿಂದೊಂದು ಮೆಕ್ಯಾನಿಕಲ್ ಡಿಫರೆನ್ಷಿಯಲ್, ಮಧ್ಯೆ ನೇರ ಶಾಫ್ಟು. ಹ್ಯಾಂಡ್‌ಬ್ರೇಕ್ ಎಳೆದಾಗ ಹಿಂದಿನ ಆಕ್ಸಲ್ ಬಿಟ್ಟುಕೊಳ್ಳುತ್ತೆ, ಅಷ್ಟೇ. ಮಣ್ಣಿನಲ್ಲಿ ಚಕ್ರ ಹೇಗೂ ಜಾರುವುದರಿಂದ ಇದು ನಡೆಯುತ್ತೆ. ಕೆಡೋ ವಸ್ತು ಒಂದು ಕಡಿಮೆ, ಖರ್ಚೂ ಕಡಿಮೆ. ನಂತರ ಬಂದದ್ದೆಲ್ಲ ಹೆಚ್ಚು ಜಟಿಲ ಆಗಿರಲೇಬೇಕು ಅಂತ ನಂಬಿದವರು ಈ ಸಾಲನ್ನು ಎರಡು ಸಲ ಓದಿ.

ನಾಲ್ಕನೇದು ಪಕ್ಕದ ಸೀಟು. ಗಾಡಿ ಎಷ್ಟೇ ಚೆನ್ನಾಗಿದ್ದರೂ ಮುಂದಿನ ತಿರುವು ಕಾಣದ ತೋಟದಲ್ಲಿ ಡ್ರೈವರ್ ನಂಬೋದು ಸಹಚಾಲಕ ಓದುವ ಪೇಸ್ ನೋಟನ್ನು. ನಮ್ಮ ಪಕ್ಕದ ಕಾಸರಗೋಡಿನ ಮೂಸಾ ಶರೀಫ್ ಭಾರತದ ಅತ್ಯಂತ ಅನುಭವಿ ಸಹಚಾಲಕರಲ್ಲಿ ಒಬ್ಬರು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಗೌರವ್ ಗಿಲ್ ಪಕ್ಕದಲ್ಲೂ ಕೂತು ಗೆದ್ದವರು. ಯಾವ ಸ್ಪೆಸಿಫಿಕೇಷನ್ ಶೀಟಿನಲ್ಲೂ ಈ ಅಂಕಿ ಬರಲ್ಲ.

ಎರಡು ಕಾಲ, ಎರಡು ಲೆಕ್ಕಾಚಾರ

ಇವೋ ಕಾಲದ ನಿಯಮ ಹೇಳಿದ್ದು: ಜನರಿಗೆ ಮಾರುವ ಗಾಡಿಯನ್ನೇ ತಗೊಂಡು ಬಾ. ಅದರಿಂದ ಕಂಪನಿ ರಸ್ತೆ ಗಾಡಿಗೇ ಒಳ್ಳೆ ಟರ್ಬೊ, ಒಳ್ಳೆ ಡಿಫರೆನ್ಷಿಯಲ್ ಹಾಕಬೇಕಾಯಿತು. ಸಾಮಾನ್ಯ ಮನುಷ್ಯ ಶೋರೂಮಿನಲ್ಲಿ ವಿಶ್ವ ಚಾಂಪಿಯನ್ ಗಾಡಿಯ ತಮ್ಮನನ್ನು ಕೊಳ್ಳಬಹುದಿತ್ತು. ಆರ್5 ನಿಯಮ ಹೇಳಿದ್ದು: ಬೇಕಾದ್ದು ಕಟ್ಟು, ಆದರೆ ಬೆಲೆ 1,80,000 ಯೂರೋ ದಾಟಬಾರದು. ಅದರಿಂದ ಖಾಸಗಿ ತಂಡಗಳಿಗೂ ಒಂದೇ ಮಟ್ಟದ ಗಾಡಿ ಸಿಕ್ಕಿತು. ಆದರೆ ಆ ಗಾಡಿಗೂ ನಮ್ಮ ಪೇಟೆಯಲ್ಲಿ ಓಡುವ ಫೇಬಿಯಾಕ್ಕೂ ಸಂಬಂಧ ಕಡಿಮೆ ಆಯಿತು. 2016ರಲ್ಲಿ ಇವೋ ತಯಾರಿಕೆಯೇ ನಿಂತಿತು.

ಸ್ಟೇಜಿನ ಗಡಿಯಾರ ಕೇಳಿದರೆ ಫೇಬಿಯಾ. ಎಂಜಿನಿಯರಿಂಗ್ ಜನರ ಮನೆ ಬಾಗಿಲಿಗೆ ಬಂದದ್ದು ಎಲ್ಲಿ ಅಂತ ಕೇಳಿದರೆ ಇವೋ. ಎರಡನೇ ಪ್ರಶ್ನೆ ಸಣ್ಣದು ಅಂತ ನನಗೆ ಅನ್ನಿಸಲ್ಲ.

ಘಾಟಿಯಲ್ಲಿ ಓಡಿಸುವವರಿಗೆ ಒಂದು ಮಾತು

ಈಗ ಮನೆಮನೆಯಲ್ಲೂ ಟರ್ಬೊ ಗಾಡಿ ಇದೆ. "ರೀಮ್ಯಾಪ್ ಮಾಡಿಸಿದ್ರೆ 30 ಅಶ್ವಶಕ್ತಿ ಜಾಸ್ತಿ ಮಗಾ" ಅನ್ನೋರೂ ಇದ್ದಾರೆ. ಟರ್ಬೊದ ಗುಣ ಒಂದನ್ನು ನೆನಪಿಡಿ. ನೀವು ಆಕ್ಸಲರೇಟರ್ ಒತ್ತಿದ ಕ್ಷಣಕ್ಕೆ ಟಾರ್ಕ್ ಬರಲ್ಲ. ಟರ್ಬೈನ್ ವೇಗ ಏರಿದ ಮೇಲೆ, ತಡವಾಗಿ, ಒಟ್ಟಿಗೆ ಬರುತ್ತೆ. ತಿರುವಿನ ಮಧ್ಯೆ ಒತ್ತಿ "ಯಾಕೋ ಎಳೀತಿಲ್ಲ" ಅಂತ ಇನ್ನೂ ಒತ್ತಿದರೆ, ತಿರುವು ಮುಗಿಯುವ ಮುಂಚೆಯೇ ಒದ್ದೆ ರಸ್ತೆಯಲ್ಲಿ ಚಕ್ರಕ್ಕೆ ಅಷ್ಟೂ ಟಾರ್ಕ್ ಬೀಳುತ್ತೆ. ಟೈರಿಗೆ ಪಕ್ಕಕ್ಕೆ ಹಿಡಿಯುವ ಶಕ್ತಿ ಆಗಲೇ ಖರ್ಚಾಗಿರುತ್ತೆ, ಮುಂದಕ್ಕೆ ತಳ್ಳಲು ಉಳಿದಿರಲ್ಲ. ರೀಮ್ಯಾಪ್ ಈ ಒದೆತವನ್ನು ಜೋರು ಮಾಡುತ್ತೆ, ಟೈರನ್ನು ಬದಲಿಸಲ್ಲ.

ರ‍್ಯಾಲಿಯವರಿಗೆ ಮುಚ್ಚಿದ ರಸ್ತೆ, ರೋಲ್ ಕೇಜ್, ಪೇಸ್ ನೋಟ್, ತಿರುವಿಗೊಬ್ಬ ಮಾರ್ಷಲ್ ಇರುತ್ತಾರೆ. ಚಾರ್ಮಾಡಿಯಲ್ಲಿ ನಮ್ಮೆದುರು ಇರೋದು ಜುಲೈ ತಿಂಗಳ ಮಂಜು, ಅದರೊಳಗಿಂದ ಬರುವ ಸರ್ಕಾರಿ ಬಸ್ಸು. ಬ್ರೇಕು ತಿರುವಿನ ಮೊದಲು, ಆಕ್ಸಲರೇಟರ್ ತಿರುವು ಬಿಚ್ಚಿದ ಮೇಲೆ. ಇಷ್ಟು ಪಾಲಿಸಿದರೆ ಸಾಕು.

ನಮ್ಮ ವರ್ಕ್‌ಶಾಪಿಗೆ ಇದರ ಉಪಯೋಗ

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್‌ನಂಥ ಸ್ಪರ್ಧೆಗಳಲ್ಲಿ ಪೆಟ್ರೋಲ್ ಗಾಡಿಗೆ 20 ಮಿಲಿಮೀಟರ್ ರಿಸ್ಟ್ರಿಕ್ಟರ್ ಕಡ್ಡಾಯ, ಇಂಜಿನ್ 710 ಸಿಸಿ ಒಳಗೆ. "ಕೆಟಿಎಂ 390 ಇಂಜಿನ್ನಿಗೆ ಟರ್ಬೊ ಹಾಕೋಣ" ಅನ್ನೋ ಚರ್ಚೆ ಪ್ರತಿ ವರ್ಷ ಬರುತ್ತೆ. ಆಸೆಪಡುವ ಮುಂಚೆ ಲೆಕ್ಕ ಹಾಕೋಣ.

20ನ್ನು 32ರಿಂದ ಭಾಗಿಸಿ ವರ್ಗ ಮಾಡಿದರೆ 0.39. ಅಂದರೆ ಗಾಳಿಯ ಮಿತಿ ಸೆಕೆಂಡಿಗೆ 0.07 ಕೆಜಿ, ಪವರಿನ ಮಿತಿ ಸುಮಾರು 80 ಕಿಲೋವ್ಯಾಟ್. 373 ಸಿಸಿಯ ಇಂಜಿನ್ ಟರ್ಬೊ ಇಲ್ಲದೆ 9,000 ಆರ್‌ಪಿಎಮ್‌ನಲ್ಲಿ ನುಂಗೋದು ಸರಾಸರಿ 0.032 ಕೆಜಿ, ಕೊಡೋದು ಸುಮಾರು 32 ಕಿಲೋವ್ಯಾಟ್. ಮೂಗಿನ ಮಿತಿಯ ಅರ್ಧಕ್ಕೂ ಕಡಿಮೆ. ಕಾಗದದ ಮೇಲೆ ಟರ್ಬೊಗೆ ಧಾರಾಳ ಜಾಗ ಇದೆ.

ಆದರೆ ತೊಡಕು ಎರಡು. ಒಂದು, ಇದು ಒಂದೇ ಸಿಲಿಂಡರ್. ನಾಲ್ಕು ಸ್ಟ್ರೋಕಿನಲ್ಲಿ ಒಂದು ಸ್ಟ್ರೋಕ್ ಮಾತ್ರ ಗಾಳಿ ಎಳೆಯುತ್ತೆ. ಆ ಹೊತ್ತಿನಲ್ಲಿ ಪ್ರವಾಹ ಸರಾಸರಿಯ ಸುಮಾರು ನಾಲ್ಕು ಪಟ್ಟು, ಅಂದರೆ 0.13. ಅದು 0.07ರ ಮಿತಿಗಿಂತ ಹೆಚ್ಚು. ಸರಾಸರಿಯಲ್ಲಿ ಪಾಸಾದ ಇಂಜಿನ್ ಕ್ಷಣಕ್ಷಣಕ್ಕೂ ಉಸಿರು ಕಟ್ಟುತ್ತೆ. ಅದಕ್ಕೇ ರಿಸ್ಟ್ರಿಕ್ಟರಿಗೂ ಇಂಜಿನ್ನಿಗೂ ನಡುವೆ ದೊಡ್ಡ ಪ್ಲೀನಮ್ ಬೇಕು. ತೋಟಕ್ಕೆ ಬೋರ್‌ವೆಲ್ ನೀರು ಸಣ್ಣಗೆ ಬಂದರೂ ತೊಟ್ಟಿಯಲ್ಲಿ ತುಂಬಿಸಿಟ್ಟು ಸ್ಪ್ರಿಂಕ್ಲರಿಗೆ ಜೋರಾಗಿ ಬಿಡುತ್ತೀವಲ್ಲ, ಅದೇ ಉಪಾಯ. ಎರಡು, ಈ ಇಂಜಿನ್ನಿನ ಕಂಪ್ರೆಷನ್ ಅನುಪಾತ 12ಕ್ಕಿಂತ ಹೆಚ್ಚು. ಇವೋದಲ್ಲಿ 8.8 ಇಟ್ಟಿದ್ದು ಸುಮ್ಮನೆ ಅಲ್ಲ. ಟರ್ಬೊ ಒತ್ತಿದ ಗಾಳಿಯನ್ನು ಮತ್ತೆ 12 ಪಟ್ಟು ಒತ್ತಿದರೆ ಕಿಡಿ ಹತ್ತುವ ಮುಂಚೆಯೋ ಆಮೇಲೋ ಮಿಶ್ರಣ ತಾನಾಗಿ ಸಿಡಿದು ಪಿಸ್ಟನ್ ತೂತಾಗುತ್ತೆ. ಫೇಬಿಯಾದ ಹಾಗೆ ನೇರ ಇಂಜೆಕ್ಷನ್ ಇದ್ದರೆ ಸಿಲಿಂಡರಿನೊಳಗೇ ಪೆಟ್ರೋಲು ಆವಿಯಾಗಿ ಗಾಳಿ ತಂಪಾಗಿ ಅಪಾಯ ಕಡಿಮೆ ಆಗುತ್ತೆ. ನಮ್ಮ ಇಂಜಿನ್ನಿಗೆ ಅದಿಲ್ಲ.

ಹಾಗಾಗಿ ಈ ವರ್ಷ ತಂಡದಲ್ಲಿರುವವರಿಗೆ ಫೇಬಿಯಾ ಹೇಳುವ ಪಾಠವನ್ನೇ ಮುಂದಿಡುತ್ತೇನೆ. ಟರ್ಬೊಗೆ ಕೈ ಹಾಕುವ ಮುಂಚೆ ಗಾಡಿಯಿಂದ 20 ಕೆಜಿ ತೆಗೆಯಿರಿ, ಪ್ಲೀನಮ್ ಸರಿಯಾಗಿ ಕಟ್ಟಿ, ಡ್ಯಾಂಪರ್ ಟ್ಯೂನ್ ಮಾಡಿ. ಪರೀಕ್ಷೆಗೆ ಒಂದು ಪೂರ್ತಿ ತಿಂಗಳು ಉಳಿದರೆ ಆಮೇಲೆ ಟರ್ಬೊ ಬಗ್ಗೆ ಮಾತಾಡೋಣ.

ಅಭ್ಯಾಸಕ್ಕೆ ಮೂರು ಲೆಕ್ಕ

1. ಕಂಠ 32ರ ಬದಲು 34 ಮಿಲಿಮೀಟರ್ ಆದರೆ ಸಮುದ್ರ ಮಟ್ಟದಲ್ಲಿ ಗರಿಷ್ಠ ಪವರ್ ಎಷ್ಟು? ಚಿಕ್ಕಮಗಳೂರಿನಲ್ಲಿ ಎಷ್ಟು?

2. ಫೇಬಿಯಾದ ಒತ್ತಡದ ಮಿತಿ 2.5ರ ಬದಲು 3 ಬಾರ್ ಆದರೆ ಗರಿಷ್ಠ ಪವರ್ ಎಷ್ಟು ಬದಲಾಗುತ್ತೆ? ಟಾರ್ಕ್? ಅವಸರ ಮಾಡಬೇಡಿ, ಮೊದಲ ಪ್ರಶ್ನೆಯಲ್ಲಿ ಮೋಸ ಇದೆ.

3. ರ‍್ಯಾಲಿಯಲ್ಲಿ ಪರೀಕ್ಷಕರು ಓಡುತ್ತಿರುವ ಇಂಜಿನ್ನಿನ ರಿಸ್ಟ್ರಿಕ್ಟರ್ ಬಾಯಿಯನ್ನು ಪೂರ್ತಿ ಮುಚ್ಚುತ್ತಾರೆ. ಇಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಏನು ಅರ್ಥ?

ಉತ್ತರ ಬಿಡಿಸಿದವರು ಕನ್ನಡ ಸಂಘದ ಬೋರ್ಡಿಗೆ ಅಂಟಿಸಿ, ಹೆಸರು ಬರೆಯೋದು ಮರೀಬೇಡಿ. ಹಾಸ್ಟೆಲಿನ ವಾದ ನಿಲ್ಲಿಸಬೇಕಾಗಿಲ್ಲ. ಇನ್ನು ಮುಂದೆ "ಎಷ್ಟು ಸಿಸಿ?" ಅಂತ ಕೇಳುವ ಮುಂಚೆ "ಮೂಗು ಎಷ್ಟು, ತೂಕ ಎಷ್ಟು?" ಅಂತ ಕೇಳಿದರೆ ಆಯ್ತು.